ವಸಾಹತು ಸಾಮ್ರಾಜ್ಯಗಳಿಂದ ಜಾಗತೀಕರಣದವರೆಗೆ: ಆಧುನಿಕ ಜಗತ್ತಿನ ಇತಿಹಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿ ತರಗತಿಗಳ ವಿದ್ಯಾರ್ಥಿಗಳು, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವವರು ಮತ್ತು ಇತಿಹಾಸದಲ್ಲಿ ಆಸಕ್ತಿಯಿರುವ ಸಾಮಾನ್ಯ ಓದುಗರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಈ ಐದು ಶತಮಾನಗಳನ್ನು ಯುದ್ಧ, ಒಪ್ಪಂದ, ಇಸವಿಗಳ ಪಟ್ಟಿಯಾಗಿ ಓದಿದರೆ ನೆನಪಿನಲ್ಲಿ ಉಳಿಯುವುದೂ ಕಷ್ಟ, ಅರ್ಥವಾಗುವುದೂ ಕಷ್ಟ. ಬೆಳೆಯುವವರು ಒಂದು ಕಡೆ, ಬೆಲೆ ಕಟ್ಟುವವರು ಇನ್ನೊಂದು ಕಡೆ ಎಂಬ ಸ್ಥಿತಿ ಹೇಗೆ ಉಂಟಾಯಿತು, ಧ್ವಜಗಳು ಬದಲಾದ ಮೇಲೂ ಅದು ಎಷ್ಟರ ಮಟ್ಟಿಗೆ ಉಳಿಯಿತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಬಿಡಿ ಘಟನೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೆಳಗಿನ ಉತ್ತರಗಳನ್ನು ಬರೆದಿರುವುದು ಈ ದೃಷ್ಟಿಯಿಂದ.

ಆಧುನಿಕ ಜಗತ್ತಿನ ಇತಿಹಾಸವನ್ನು ಎಲ್ಲಿಂದ ಆರಂಭಿಸಬೇಕು?

ಪಠ್ಯಪುಸ್ತಕಗಳು ಸಾಮಾನ್ಯವಾಗಿ 1492ರ ಕೊಲಂಬಸ್ ಯಾನದಿಂದಲೋ 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿಳಿದದ್ದರಿಂದಲೋ ಆರಂಭಿಸುತ್ತವೆ. ಆ ಯಾನಗಳ ಮಹತ್ವ ದೊಡ್ಡದೇ. ಆದರೂ ವಸಾಹತು ವ್ಯವಸ್ಥೆಯ ಸ್ವರೂಪ ತಿಳಿಯಬೇಕಾದರೆ 1600ರಲ್ಲಿ ಲಂಡನ್ನಿನಲ್ಲಿ, 1602ರಲ್ಲಿ ಹಾಲೆಂಡಿನಲ್ಲಿ ಸ್ಥಾಪನೆಯಾದ ಎರಡು ಈಸ್ಟ್ ಇಂಡಿಯಾ ಕಂಪನಿಗಳಿಂದ ಹೊರಡುವುದು ಲೇಸು. ಡಚ್ ಕಂಪನಿಯು ಸಾರ್ವಜನಿಕರಿಗೆ ಷೇರು ಮಾರಿ ಬಂಡವಾಳ ಕೂಡಿಸಿತು. ಅದರ ಜೊತೆಗೆ ಸೈನ್ಯ ಇಟ್ಟುಕೊಳ್ಳುವ, ಕೋಟೆ ಕಟ್ಟುವ, ಯುದ್ಧ ಸಾರುವ ಅಧಿಕಾರವೂ ಅದಕ್ಕಿತ್ತು. ಇಂದಿನ ಇಂಡೋನೇಷ್ಯಾದ ಬಾಂಡಾ ದ್ವೀಪಗಳಲ್ಲಿ ಮಾತ್ರ ಬೆಳೆಯುತ್ತಿದ್ದ ಜಾಯಿಕಾಯಿಯನ್ನು ತನಗೇ ಮಾರಬೇಕೆಂದು ಅದು ಪಟ್ಟು ಹಿಡಿಯಿತು. ದ್ವೀಪದವರು ಒಪ್ಪದೆ ಬೇರೆಯವರಿಗೂ ಮಾರತೊಡಗಿದಾಗ, 1621ರಲ್ಲಿ ಯಾನ್ ಪೀಟರ್ಸ್‌ಜೂನ್ ಕೂನ್ ಎಂಬ ಅಧಿಕಾರಿಯ ಸೈನ್ಯ ಅಲ್ಲಿನ ಬಹುಪಾಲು ಜನರನ್ನು ಕೊಂದು ಇಲ್ಲವೆ ಸೆರೆಹಿಡಿದು ಸಾಗಿಸಿ, ತೋಟಗಳಿಗೆ ಗುಲಾಮರನ್ನು ತಂದಿಳಿಸಿತು. ಷೇರುದಾರರ ಲಾಭ, ಏಕಸ್ವಾಮ್ಯ, ಬಂದೂಕು ಈ ಮೂರೂ ಒಂದೇ ಸಂಸ್ಥೆಯಲ್ಲಿ ಸೇರಿದ್ದನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು.

ಒಂದು ವ್ಯಾಪಾರಿ ಕಂಪನಿ ಭಾರತದಂಥ ದೇಶವನ್ನು ಆಳುವಷ್ಟು ಬಲಗೊಂಡದ್ದು ಹೇಗೆ?

ಪ್ಲಾಸಿ (1757) ಮತ್ತು ಬಕ್ಸರ್ (1764) ಕದನಗಳ ಹೆಸರನ್ನು ಎಲ್ಲರೂ ಬರೆಯುತ್ತಾರೆ. ನಿಜವಾದ ತಿರುವು 1765ರ ಆಗಸ್ಟ್‌ನಲ್ಲಿ ಮೊಘಲ್ ಬಾದಶಹ ಎರಡನೆಯ ಶಾ ಆಲಂ ಬಂಗಾಳ, ಬಿಹಾರ, ಒಡಿಶಾಗಳ ದಿವಾನಿಯನ್ನು, ಎಂದರೆ ಕಂದಾಯ ವಸೂಲಿಯ ಹಕ್ಕನ್ನು, ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಗೆ ಬರೆದುಕೊಟ್ಟದ್ದು. ಅಲ್ಲಿಯವರೆಗೆ ಬಂಗಾಳದ ಬಟ್ಟೆ, ರೇಷ್ಮೆ ಕೊಳ್ಳಲು ಯುರೋಪಿನಿಂದ ಬೆಳ್ಳಿ ತರಬೇಕಾಗಿತ್ತು. ದಿವಾನಿ ಕೈಗೆ ಬಂದ ಮೇಲೆ ಬಂಗಾಳದ ರೈತರಿಂದಲೇ ಕಂದಾಯ ಎತ್ತಿ, ಅದೇ ಹಣದಿಂದ ಬಂಗಾಳದ ನೇಕಾರರ ಬಟ್ಟೆ ಕೊಂಡು ಲಂಡನ್ನಿಗೆ ಸಾಗಿಸಬಹುದಾಯಿತು. ಅಂದರೆ ಸರಕು ಹೊರಗೆ ಹೋಯಿತು, ಅದಕ್ಕೆ ಬದಲಾಗಿ ಒಳಗೆ ಬಂದದ್ದು ಏನೂ ಇಲ್ಲ. ದಾದಾಭಾಯಿ ನವರೋಜಿಯವರು ಮುಂದೆ ಸಂಪತ್ತಿನ ಸೋರಿಕೆ ಎಂದು ಲೆಕ್ಕ ಸಮೇತ ವಾದಿಸಿದ ವ್ಯವಸ್ಥೆಯ ಮೂಲ ಇಲ್ಲಿದೆ. ದಿವಾನಿ ಸಿಕ್ಕ ಐದೇ ವರ್ಷಗಳಲ್ಲಿ, 1770ರ ಬರಗಾಲದಲ್ಲಿ, ಬಂಗಾಳದ ಜನಸಂಖ್ಯೆಯ ಮೂರನೇ ಒಂದು ಭಾಗದಷ್ಟು ಜನ ಸತ್ತರೆಂದು ಕಂಪನಿಯ ಅಧಿಕಾರಿಗಳೇ ಅಂದಾಜು ಮಾಡಿದರು. ಆ ವರ್ಷಗಳಲ್ಲೂ ಕಂದಾಯ ವಸೂಲಿ ನಿಲ್ಲಲಿಲ್ಲ.

ಚೀನಾದ ವಿಷಯದಲ್ಲೂ ಸಮಸ್ಯೆ ಬೆಳ್ಳಿಯದೇ ಆಗಿತ್ತು. ಅಲ್ಲಿನ ಚಹಾಕ್ಕೆ ಬೆಳ್ಳಿ ಕೊಡುವ ಬದಲು ಭಾರತದಲ್ಲಿ ಬೆಳೆಸಿದ ಅಫೀಮನ್ನು ಒಳನುಗ್ಗಿಸಲಾಯಿತು. ಚೀನಾ ಅದನ್ನು ತಡೆಯಲು ಮುಂದಾದಾಗ 1839ರಿಂದ 1842ರವರೆಗೆ ಮೊದಲ ಅಫೀಮು ಯುದ್ಧ ನಡೆಯಿತು. ನಾನ್‌ಕಿಂಗ್ ಒಪ್ಪಂದದಂತೆ ಬ್ರಿಟನ್ನಿನ ವಶವಾದ ಹಾಂಗ್‌ಕಾಂಗ್ ಚೀನಾಕ್ಕೆ ಮರಳಿದ್ದು 1997ರ ಜುಲೈ 1ರಂದು.

ಗುಲಾಮರ ವ್ಯಾಪಾರ ನಿಂತ ಮೇಲೆ ತೋಟಗಳಲ್ಲಿ ದುಡಿದವರು ಯಾರು?

ಅಟ್ಲಾಂಟಿಕ್ ಗುಲಾಮರ ವ್ಯಾಪಾರದಲ್ಲಿ ಸುಮಾರು 1.25 ಕೋಟಿ ಆಫ್ರಿಕನ್ನರನ್ನು ಹಡಗಿಗೆ ಹತ್ತಿಸಲಾಯಿತು ಎಂದು ಹಡಗುಗಳ ದಾಖಲೆಗಳನ್ನು ಆಧರಿಸಿದ ಅಂದಾಜು ಹೇಳುತ್ತದೆ. ಜೀವಂತ ದಡ ಸೇರಿದವರು ಸುಮಾರು 1.07 ಕೋಟಿ. ಬ್ರಿಟನ್ 1807ರಲ್ಲಿ ಈ ವ್ಯಾಪಾರವನ್ನೂ 1833ರ ಕಾಯ್ದೆಯಿಂದ ತನ್ನ ಹೆಚ್ಚಿನ ವಸಾಹತುಗಳಲ್ಲಿ ಗುಲಾಮಗಿರಿಯನ್ನೂ ರದ್ದು ಮಾಡಿತು. ಪರಿಹಾರವಾಗಿ ಕೊಟ್ಟ 2 ಕೋಟಿ ಪೌಂಡ್ ಹಣವೆಲ್ಲ ಗುಲಾಮರ ಒಡೆಯರಿಗೆ ಹೋಯಿತು, ಬಿಡುಗಡೆಯಾದವರಿಗೆ ಒಂದು ಕಾಸೂ ಸಿಗಲಿಲ್ಲ. ಈ ಪರಿಹಾರಕ್ಕಾಗಿ ಸರ್ಕಾರ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ.

ಅವರ ಜಾಗಕ್ಕೆ ಬಂದವರು ಭಾರತದ ಒಪ್ಪಂದದ ಕೂಲಿಗಳು. 1834ರಲ್ಲಿ ಮಾರಿಷಸ್‌ನಿಂದ ಆರಂಭವಾದ ಈ ಪದ್ಧತಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಗಯಾನಾ, ಟ್ರಿನಿಡಾಡ್, ನಟಾಲ್, ಫಿಜಿ ಮುಂತಾದ ಕಡೆಗೆ ಹೋದರು. ಬಹುಮಟ್ಟಿಗೆ ಐದು ವರ್ಷದ ಕರಾರು. ಕೆಲಸಕ್ಕೆ ತಪ್ಪಿಸಿಕೊಂಡರೆ ದಂಡ ಇಲ್ಲವೆ ಜೈಲು. 1917ರಲ್ಲಿ ಹೊಸ ಕೂಲಿಗಳ ಸಾಗಣೆ ನಿಂತಿತು.

ಗುಲಾಮಗಿರಿಯನ್ನು ತಾವೇ ಹೋರಾಡಿ ಕಿತ್ತೊಗೆದ ಹೈಟಿಯ ಜನರ ಕಥೆಯನ್ನು ನಮ್ಮ ತರಗತಿಗಳಲ್ಲಿ ಹೇಳುವುದು ತೀರ ಕಡಿಮೆ. ಹೇಳಲೇಬೇಕಾದ ಕಥೆ ಅದು. ಫ್ರೆಂಚ್ ಸೈನ್ಯವನ್ನು ಸೋಲಿಸಿ 1804ರ ಜನವರಿ 1ರಂದು ಅವರು ಸ್ವಾತಂತ್ರ್ಯ ಘೋಷಿಸಿಕೊಂಡರು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಕಳುಹಿಸಿ, ಕಳೆದುಕೊಂಡ ಆಸ್ತಿಗೆ 15 ಕೋಟಿ ಫ್ರಾಂಕ್ ಕೊಟ್ಟರೆ ಮಾತ್ರ ಮಾನ್ಯತೆ ನೀಡುವುದಾಗಿ ಹೇಳಿತು. ಆ ಆಸ್ತಿಯಲ್ಲಿ ಸ್ವತಂತ್ರರಾದ ಜನರೂ ಸೇರಿದ್ದರು. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಲಾಯಿತಾದರೂ ಅದನ್ನು ತೀರಿಸಲು ಫ್ರೆಂಚ್ ಬ್ಯಾಂಕುಗಳಲ್ಲೇ ಸಾಲ ಮಾಡಬೇಕಾಯಿತು. ಆ ಸಾಲದ ಸರಣಿ ಮುಗಿದದ್ದು 1947ರಲ್ಲಿ. ಹೈಟಿ ಏಕೆ ಬಡದೇಶವಾಗಿ ಉಳಿಯಿತು ಎಂದು ಕೇಳುವವರು ಈ ಲೆಕ್ಕವನ್ನು ಬಿಟ್ಟು ಉತ್ತರ ಹುಡುಕಬಾರದು.

ಕೈಗಾರಿಕಾ ಕ್ರಾಂತಿಗೂ ವಸಾಹತುಗಳಿಗೂ ಏನು ಸಂಬಂಧ?

ಕಲ್ಲಿದ್ದಲು, ಉಗಿಯಂತ್ರ, ಬ್ಯಾಂಕುಗಳು, ಇಂಗ್ಲೆಂಡಿನ ಕೂಲಿಯ ದರ ಹೀಗೆ ಕೈಗಾರಿಕಾ ಕ್ರಾಂತಿಗೆ ಕಾರಣಗಳು ಹಲವು. ಆದರೆ ಅದರ ಮುಂಚೂಣಿಯಲ್ಲಿದ್ದ ಹತ್ತಿ ಗಿರಣಿಗಳಿಗೆ ಬೇಕಾದ ಒಂದು ಹಿಡಿ ಹತ್ತಿಯೂ ಇಂಗ್ಲೆಂಡಿನಲ್ಲಿ ಬೆಳೆಯುತ್ತಿರಲಿಲ್ಲ. ಹತ್ತಿ ಹೆಚ್ಚಾಗಿ ಬರುತ್ತಿದ್ದುದು ಅಮೆರಿಕದ ದಕ್ಷಿಣ ರಾಜ್ಯಗಳ ಗುಲಾಮರ ದುಡಿಮೆಯಿಂದ. ಸಿದ್ಧವಾದ ಬಟ್ಟೆಗೆ ದೊಡ್ಡ ಮಾರುಕಟ್ಟೆ ಭಾರತವೇ ಆಯಿತು.

ಇದರ ಬಿಸಿ ನಮ್ಮ ಧಾರವಾಡ ಸೀಮೆಗೂ ತಟ್ಟಿತ್ತು. ಗಿರಣಿಗಳ ಯಂತ್ರಕ್ಕೆ ಒಗ್ಗುವ ಉದ್ದನೆಯ ಎಳೆ ಬೇಕೆಂದು 1840ರ ದಶಕದಿಂದ ಧಾರವಾಡ, ಹುಬ್ಬಳ್ಳಿ, ಗದಗದ ಕರಿಮಣ್ಣಿನಲ್ಲಿ ಅಮೆರಿಕದ ತಳಿಯನ್ನು ಬೆಳೆಸಲಾಯಿತು. ಧಾರವಾಡ ಅಮೆರಿಕನ್ ಎಂಬ ಹೆಸರಿನಿಂದಲೇ ಅದು ಪೇಟೆಯಲ್ಲಿ ಮಾರಾಟವಾಗುತ್ತಿತ್ತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದ ಕೂಡಲೇ ಲ್ಯಾಂಕಶೈರ್ ಗಿರಣಿಗಳು ಭಾರತದ ಹತ್ತಿಗೆ ಮುಗಿಬಿದ್ದವು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಧಾರವಾಡದ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸುವ ಉದ್ದೇಶವೂ ಇತ್ತು. ಬೆಲೆ ಏರಿತು, ರೈತರು ಜೋಳದ ಹೊಲಗಳಲ್ಲೂ ಹತ್ತಿ ಬಿತ್ತಿದರು, ಮುಂಬಯಿಯಲ್ಲಿ ದಿನಕ್ಕೊಂದು ಕಂಪನಿ ಹುಟ್ಟಿತು. 1865ರಲ್ಲಿ ಯುದ್ಧ ಮುಗಿದು ಅಮೆರಿಕದ ಹತ್ತಿ ಮತ್ತೆ ಲಿವರ್‌ಪೂಲ್ ಬಂದರಿಗೆ ಬರತೊಡಗಿದಾಗ ಬೆಲೆ ಕುಸಿದು, ಮುಂಬಯಿಯ ಬ್ಯಾಂಕುಗಳು ಮುಳುಗಿ, ಏರಿದ ಬೆಲೆಯನ್ನು ನಂಬಿ ಸಾಲ ಎತ್ತಿದ್ದ ಬೆಳೆಗಾರ ಸಾಹುಕಾರನ ಕೈಗೆ ಸಿಕ್ಕಿಬಿದ್ದ. ತನ್ನ ಹೊಲದ ಬೆಳೆಯ ಬೆಲೆ ತಾನು ಹೆಸರೂ ಕೇಳದ ಯುದ್ಧಭೂಮಿಯಲ್ಲಿ ತೀರ್ಮಾನವಾಗುವುದನ್ನು ಈ ಭಾಗದ ರೈತ ಕಂಡದ್ದು ಆ ನಾಲ್ಕೈದು ವರ್ಷಗಳಲ್ಲಿ.

ಇದೇ ಹತ್ತಿಯ ಏರಿಳಿತ ಈಜಿಪ್ಟನ್ನೂ ಸಾಲದ ಸುಳಿಗೆ ದೂಡಿತು. ಅದರ ಪರಿಣಾಮ ಸೂಯೆಜ್ ಕುರಿತ ಉತ್ತರದಲ್ಲಿದೆ.

ಆಫ್ರಿಕಾದ ಗಡಿಗಳನ್ನೆಲ್ಲ ಬರ್ಲಿನ್ ಸಮ್ಮೇಳನದಲ್ಲಿ ಎಳೆಯಲಾಯಿತೆ?

ಇಲ್ಲ. ಉತ್ತರಪತ್ರಿಕೆಗಳಲ್ಲಿ ಬಹಳವಾಗಿ ಕಾಣುವ ತಪ್ಪು ಇದು. 1884ರ ನವೆಂಬರಿನಿಂದ 1885ರ ಫೆಬ್ರವರಿವರೆಗೆ ನಡೆದ ಸಮ್ಮೇಳನದಲ್ಲಿ 14 ದೇಶಗಳ ಪ್ರತಿನಿಧಿಗಳು ಸೇರಿದ್ದರು, ಆಫ್ರಿಕಾದವರು ಒಬ್ಬರೂ ಇರಲಿಲ್ಲ. ಅಲ್ಲಿ ತೀರ್ಮಾನವಾದದ್ದು ಕಾಂಗೋ ಮತ್ತು ನೈಜರ್ ನದಿಗಳಲ್ಲಿ ವ್ಯಾಪಾರದ ನಿಯಮ ಹಾಗೂ ಕರಾವಳಿಯ ಜಾಗವನ್ನು ತನ್ನದೆಂದು ಹೇಳಿಕೊಳ್ಳುವ ದೇಶ ಅಲ್ಲಿ ವಾಸ್ತವವಾಗಿ ಆಡಳಿತ ನಡೆಸುತ್ತಿರಬೇಕೆಂಬ ಷರತ್ತು. ಗಡಿರೇಖೆಗಳು ಆ ನಂತರದ ಎರಡು ಮೂರು ದಶಕಗಳಲ್ಲಿ ಯುರೋಪಿನ ದೇಶಗಳು ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದಗಳಿಂದ ಮೂಡಿದವು. 1914ರ ಹೊತ್ತಿಗೆ ಸ್ವತಂತ್ರವಾಗಿ ಉಳಿದಿದ್ದವು ಲೈಬೀರಿಯಾ ಮತ್ತು ಇಥಿಯೋಪಿಯಾ ಮಾತ್ರ. ಇಥಿಯೋಪಿಯಾದ ಚಕ್ರವರ್ತಿ ಎರಡನೆಯ ಮೆನೆಲಿಕ್ 1896ರ ಮಾರ್ಚ್ 1ರಂದು ಅಡ್ವಾ ಕದನದಲ್ಲಿ ಇಟಲಿಯ ಸೈನ್ಯವನ್ನು ಸೋಲಿಸಿದ್ದರಿಂದ ಆ ಸ್ವಾತಂತ್ರ್ಯ ಉಳಿಯಿತು.

ಕಾಂಗೋ ಜಲಾನಯನದ ಬಹುಭಾಗ ಬೆಲ್ಜಿಯಂ ದೊರೆ ಎರಡನೆಯ ಲಿಯೋಪೋಲ್ಡ್‌ನ ಖಾಸಗಿ ಆಸ್ತಿಯಂತಾಯಿತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ರೂಪಿಸಿದ ಮೇಲೆ ರಬ್ಬರಿಗೆ ಬೇಡಿಕೆ ಏರಿತು. ಕಾಡಿನ ಬಳ್ಳಿಗಳಿಂದ ರಬ್ಬರ್ ತರಲು ಪ್ರತಿ ಹಳ್ಳಿಗೂ ಪಾಲು ಗೊತ್ತುಮಾಡಿ, ಗಂಡಸರು ಅದನ್ನು ತರುವವರೆಗೆ ಹೆಂಗಸರನ್ನು ಒತ್ತೆಯಿಡಲಾಗುತ್ತಿತ್ತು. ಖರ್ಚಾದ ಗುಂಡಿಗೆ ಲೆಕ್ಕ ಒಪ್ಪಿಸಲು ಸೈನಿಕರು ಕತ್ತರಿಸಿದ ಕೈಗಳನ್ನು ತಂದು ತೋರಿಸುತ್ತಿದ್ದರು. ಇದು ಹೊರಜಗತ್ತಿಗೆ ತಿಳಿದ ಬಗೆ ಗಮನಾರ್ಹ. ಹಡಗು ಕಂಪನಿಯೊಂದರ ಗುಮಾಸ್ತನಾಗಿದ್ದ ಎಡ್ಮಂಡ್ ಮೊರೆಲ್ ಆಂಟ್‌ವರ್ಪ್ ಬಂದರಿನ ಲೆಕ್ಕಪತ್ರಗಳನ್ನು ನೋಡುತ್ತಿದ್ದಾಗ, ಕಾಂಗೋದಿಂದ ಬರುವ ಹಡಗುಗಳ ತುಂಬ ರಬ್ಬರ್ ಮತ್ತು ದಂತ ಇರುವುದನ್ನೂ ಅಲ್ಲಿಗೆ ಮರಳುವ ಹಡಗುಗಳಲ್ಲಿ ಹೆಚ್ಚಾಗಿ ಬಂದೂಕು, ಮದ್ದುಗುಂಡು ಹೋಗುವುದನ್ನೂ ಗಮನಿಸಿದ. ಕೊಳ್ಳುವುದಕ್ಕೆ ಸರಕನ್ನೇ ಕಳುಹಿಸದಿದ್ದ ಮೇಲೆ ಅಲ್ಲಿ ನಡೆಯುತ್ತಿರುವುದು ವ್ಯಾಪಾರವಾಗಿರಲು ಸಾಧ್ಯವಿಲ್ಲ, ಬಲವಂತದ ದುಡಿಮೆಯೇ ಇರಬೇಕು ಎಂಬುದು ಅವನ ತರ್ಕ. ಬ್ರಿಟಿಷ್ ರಾಯಭಾರ ಕಚೇರಿಯ ರೋಜರ್ ಕೇಸ್‌ಮೆಂಟ್ ಸ್ಥಳಕ್ಕೆ ಹೋಗಿ ಬರೆದ ವರದಿ 1904ರಲ್ಲಿ ಪ್ರಕಟವಾಗಿ ಅದನ್ನು ದೃಢಪಡಿಸಿತು. 1908ರಲ್ಲಿ ಲಿಯೋಪೋಲ್ಡ್ ಆ ಪ್ರದೇಶವನ್ನು ಬೆಲ್ಜಿಯಂ ಸರ್ಕಾರಕ್ಕೆ ಬಿಟ್ಟುಕೊಡಬೇಕಾಯಿತು.

ರೈಲು, ಅಂಚೆ, ತಂತಿಗಳನ್ನು ವಸಾಹತು ಆಡಳಿತವೇ ಕೊಟ್ಟಿತಲ್ಲವೆ?

ಕಟ್ಟಿದ್ದು ಅದರ ಆಡಳಿತ, ವೆಚ್ಚ ಹೊತ್ತವರು ವಸಾಹತಿನ ಜನ. ಭಾರತದ ಆರಂಭದ ರೈಲು ಕಂಪನಿಗಳ ಷೇರುದಾರರಿಗೆ ಶೇ. 5ರ ಲಾಭವನ್ನು ಸರ್ಕಾರ ಖಾತರಿಪಡಿಸಿತ್ತು. ಲಾಭ ಬಾರದ ವರ್ಷಗಳಲ್ಲಿ ಆ ಕೊರತೆಯನ್ನು ಇಲ್ಲಿನ ಕಂದಾಯದಿಂದ ತುಂಬಲಾಗುತ್ತಿತ್ತು. ಹಳಿಗಳು ಒಳನಾಡಿನ ಪೇಟೆಗಳನ್ನು ಪರಸ್ಪರ ಜೋಡಿಸುವುದಕ್ಕಿಂತ ಬಂದರುಗಳಿಗೆ ಜೋಡಿಸುವುದಕ್ಕೆ ಆದ್ಯತೆ ಕೊಟ್ಟವು. ರೈಲಿನಿಂದ ಜನರಿಗೆ ಉಪಯೋಗವಾಗಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಅದನ್ನು ಕೊಡುಗೆಯೆಂದು ಕರೆಯುವುದು ಲೆಕ್ಕಪುಸ್ತಕಕ್ಕೆ ಮಾಡುವ ಅನ್ಯಾಯ.

ಮೊದಲ ಮಹಾಯುದ್ಧದಲ್ಲಿ ವಸಾಹತುಗಳ ಪಾತ್ರವೇನು?

ಯುರೋಪಿನ ಯುದ್ಧವೆಂದು ಓದುವ ರೂಢಿಯಿದ್ದರೂ ಭಾರತವೊಂದರಿಂದಲೇ ಸುಮಾರು 13 ಲಕ್ಷ ಮಂದಿ ಸೈನಿಕರಾಗಿ, ಕೂಲಿಗಳಾಗಿ ಹೊರದೇಶಗಳಿಗೆ ಹೋದರು. ಸತ್ತವರು 70 ಸಾವಿರಕ್ಕೂ ಹೆಚ್ಚು. ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್, ಜೋಧ್‌ಪುರದ ಪಡೆಯ ಜೊತೆಗೂಡಿ 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಆಟೊಮನ್ ಸೈನ್ಯದಿಂದ ವಶಪಡಿಸಿಕೊಂಡಿತು. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳು ಮೈಸೂರು, ಜೋಧ್‌ಪುರ, ಹೈದರಾಬಾದ್ ದಳಗಳ ಸ್ಮಾರಕ.

ಆ ಸೈನಿಕರು ಗೆದ್ದುಕೊಟ್ಟ ನೆಲದ ಬಗ್ಗೆ ಬ್ರಿಟನ್ ಅಷ್ಟರಲ್ಲೇ ಮೂರು ಕಡೆ ಮಾತು ಕೊಟ್ಟಿತ್ತು: ಅರಬರಿಗೆ ಸ್ವತಂತ್ರ ರಾಜ್ಯದ ಭರವಸೆ, 1916ರ ಸೈಕ್ಸ್-ಪಿಕೋ ಗುಪ್ತ ಒಪ್ಪಂದದಲ್ಲಿ ಫ್ರಾನ್ಸಿಗೆ ಪಾಲು, 1917ರ ಬಾಲ್ಫೋರ್ ಘೋಷಣೆಯಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆ. ಯುದ್ಧಾನಂತರ ಇರಾಕ್, ಸಿರಿಯಾ, ಪ್ಯಾಲೆಸ್ಟೈನ್‌ಗಳು ರಾಷ್ಟ್ರಸಂಘದ ಮ್ಯಾಂಡೇಟ್ ಎಂಬ ಹೆಸರಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸಿನ ಆಡಳಿತಕ್ಕೆ ಸೇರಿದವು.

ಸಾಮ್ರಾಜ್ಯಗಳು ಎರಡನೆಯ ಮಹಾಯುದ್ಧದ ನಂತರ ಅಷ್ಟು ಬೇಗ ಕುಸಿದದ್ದೇಕೆ?

ಚಳವಳಿಗಳು ದಶಕಗಳಿಂದ ನಡೆದಿದ್ದವು. ಯುದ್ಧ ಆಳುವವರ ಕೈಯಿಂದ ಹಣವನ್ನೂ ಅಜೇಯರೆಂಬ ಹೆಸರನ್ನೂ ಕಿತ್ತುಕೊಂಡಿತು. 1942ರಲ್ಲಿ ಸಿಂಗಪುರ ಜಪಾನಿನ ವಶವಾದದ್ದನ್ನು ಏಷ್ಯಾದವರೆಲ್ಲ ನೋಡಿದರು. 1943ರ ಬಂಗಾಳದ ಕ್ಷಾಮದಲ್ಲಿ 20ರಿಂದ 30 ಲಕ್ಷ ಜನ ಸತ್ತ ಮೇಲೆ, ಪ್ರಜೆಗಳನ್ನು ಕಾಯುವ ಆಡಳಿತವೆಂಬ ಮಾತಿಗೆ ಉಳಿಗಾಲವಿರಲಿಲ್ಲ. ಯುದ್ಧ ಮುಗಿದಾಗ ಬ್ರಿಟನ್ನೇ ಭಾರತಕ್ಕೆ ಸುಮಾರು 130 ಕೋಟಿ ಪೌಂಡ್ ಬಾಕಿದಾರನಾಗಿತ್ತು.

ಎಲ್ಲ ಕಡೆ ಬಿಡುಗಡೆ ಒಂದೇ ಬಗೆಯಾಗಿರಲಿಲ್ಲ. ಇಂಡೋನೇಷ್ಯಾ 1945ರ ಆಗಸ್ಟ್ 17ರಂದು ಸ್ವಾತಂತ್ರ್ಯ ಘೋಷಿಸಿದರೂ ಡಚ್ಚರು ಅದನ್ನು ಒಪ್ಪಿದ್ದು ನಾಲ್ಕು ವರ್ಷದ ಕಾಳಗದ ನಂತರ; ವಸಾಹತು ಸರ್ಕಾರದ 430 ಕೋಟಿ ಗಿಲ್ಡರ್ ಸಾಲವನ್ನು ಹೊಸ ದೇಶ ಹೊರಬೇಕೆಂಬ ಷರತ್ತು ಹಾಕಿ. ಯುರೋಪಿಯನ್ನರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿ ಭೂಮಿ ಹಿಡಿದಿದ್ದ ಅಲ್ಜೀರಿಯಾ, ಕೀನ್ಯಾಗಳಲ್ಲಿ ರಕ್ತಪಾತ ಹೆಚ್ಚಾಯಿತು. ಘಾನಾ 1957ರಲ್ಲಿ, 1960ರ ಒಂದೇ ವರ್ಷದಲ್ಲಿ ಆಫ್ರಿಕಾದ 17 ದೇಶಗಳು ಸ್ವತಂತ್ರವಾದವು. ಪೋರ್ಚುಗಲ್ 1961ರಲ್ಲಿ ಗೋವಾವನ್ನು ಕಳೆದುಕೊಂಡ ಮೇಲೂ ಆಫ್ರಿಕಾದಲ್ಲಿ ಹಿಡಿತ ಬಿಡಲಿಲ್ಲ. 1974ರಲ್ಲಿ ಲಿಸ್ಬನ್ನಿನ ಸೈನಿಕರೇ ದಂಗೆಯೆದ್ದು ಸರ್ವಾಧಿಕಾರವನ್ನು ಉರುಳಿಸಿದ ನಂತರ, ಮರುವರ್ಷ ಅಂಗೋಲಾ ಮತ್ತು ಮೊಜಾಂಬಿಕ್ ಬಿಡುಗಡೆಯಾದವು.

1956ರ ಸೂಯೆಜ್ ಬಿಕ್ಕಟ್ಟಿಗೆ ಇಷ್ಟು ಮಹತ್ವ ಏಕೆ?

ವಸಾಹತು ಯುಗದ ಆರಂಭ, ಅಂತ್ಯ, ನಂತರದ ವ್ಯವಸ್ಥೆ ಮೂರೂ ಈ ಒಂದು ಕಾಲುವೆಯ ಇತಿಹಾಸದಲ್ಲಿ ಅಡಕವಾಗಿವೆ. ಫ್ರೆಂಚ್ ರಾಯಭಾರಿಯಾಗಿದ್ದ ಫರ್ಡಿನಾಂಡ್ ಡಿ ಲೆಸೆಪ್ಸ್ ರೂಪಿಸಿದ ಕಾಲುವೆ 1869ರ ನವೆಂಬರ್ 17ರಂದು ಉದ್ಘಾಟನೆಯಾಯಿತು; ಆರಂಭದ ವರ್ಷಗಳಲ್ಲಿ ಅದನ್ನು ಅಗೆದವರು ಬಿಟ್ಟಿ ದುಡಿಮೆಗೆ ಹಿಡಿದುತಂದ ಈಜಿಪ್ಟಿನ ರೈತರು. ಅಮೆರಿಕದ ಅಂತರ್ಯುದ್ಧದ ಕಾಲದ ಹತ್ತಿಯ ಬೆಲೆ ನಂಬಿ ಸಾಲದ ಮೇಲೆ ಸಾಲ ಮಾಡಿದ್ದ ಈಜಿಪ್ಟಿನ ಅರಸ (ಖೆದಿವ್) ಇಸ್ಮಾಯಿಲ್, ಬೆಲೆ ಕುಸಿದ ಮೇಲೆ ಬಡ್ಡಿ ಕಟ್ಟಲಾಗದೆ 1875ರಲ್ಲಿ ತನ್ನ ಷೇರುಗಳನ್ನು 40 ಲಕ್ಷ ಪೌಂಡಿಗೆ ಬ್ರಿಟನ್ನಿಗೆ ಮಾರಿದ. ಮರುವರ್ಷ ಈಜಿಪ್ಟ್ ದಿವಾಳಿಯಾಯಿತು. 1882ರಲ್ಲಿ ಬ್ರಿಟಿಷ್ ಸೈನ್ಯ ಬಂದು ನೆಲೆಯೂರಿತು.

1956ರ ಜುಲೈನಲ್ಲಿ ಆಸ್ವಾನ್ ಅಣೆಕಟ್ಟೆಗೆ ಕೊಡುತ್ತೇವೆಂದಿದ್ದ ನೆರವನ್ನು ಅಮೆರಿಕ ಹಿಂದೆಗೆದುಕೊಂಡಿತು. ಜುಲೈ 26ರ ಸಂಜೆ ಅಲೆಕ್ಸಾಂಡ್ರಿಯಾದಲ್ಲಿ ಅಧ್ಯಕ್ಷ ನಾಸರ್ ಭಾಷಣ ಮಾಡುತ್ತ ಡಿ ಲೆಸೆಪ್ಸ್ ಎಂಬ ಹೆಸರನ್ನು ಉಚ್ಚರಿಸಿದ್ದೇ ಸಂಕೇತವಾಗಿ, ಕಾದು ನಿಂತಿದ್ದ ಅವರ ಜನ ಕಾಲುವೆ ಕಂಪನಿಯ ಕಚೇರಿಗಳನ್ನು ವಶಕ್ಕೆ ತೆಗೆದುಕೊಂಡರು. ಈಜಿಪ್ಟಿನವರಿಗೆ ಹಡಗು ದಾಟಿಸಲು ಬಾರದೆಂದು ಹಡಗುಗಳಿಗೆ ದಾರಿ ತೋರುವ ಯುರೋಪಿನ ಪೈಲಟ್‌ಗಳನ್ನು ಸೆಪ್ಟೆಂಬರಿನಲ್ಲಿ ಹಿಂದಕ್ಕೆ ಕರೆಸಲಾಯಿತು. ಕಾಲುವೆ ಎಂದಿನಂತೆ ನಡೆಯಿತು. ಅಕ್ಟೋಬರ್ 29ರಂದು ಇಸ್ರೇಲ್, ಆಮೇಲೆ ಬ್ರಿಟನ್ ಮತ್ತು ಫ್ರಾನ್ಸ್ ದಾಳಿ ಮಾಡಿದವು. ರಣರಂಗದಲ್ಲಿ ಅವು ಸೋಲಲಿಲ್ಲ. ಪೌಂಡಿನ ಮೌಲ್ಯ ಕುಸಿಯತೊಡಗಿದಾಗ, ದಾಳಿ ನಿಲ್ಲಿಸುವವರೆಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ನೆರವಿಗೆ ಅಮೆರಿಕ ಒಪ್ಪದೆ ಹೋದದ್ದರಿಂದ ಬ್ರಿಟನ್ ಮಣಿಯಿತು. ಪ್ರಧಾನಿ ಆಂಥೊನಿ ಈಡನ್ 1957ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಹಳೆಯ ಸಾಮ್ರಾಜ್ಯವೊಂದನ್ನು ಡಾಲರ್ ಕಟ್ಟಿಹಾಕಬಲ್ಲದೆಂಬುದು ಅಂದು ಬಯಲಾಯಿತು.

ಬಾಂಡುಂಗ್ ಸಮ್ಮೇಳನ ಮತ್ತು ಅಲಿಪ್ತ ಚಳವಳಿ ಸಾಧಿಸಿದ್ದೇನು?

1955ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಏಷ್ಯಾ, ಆಫ್ರಿಕಾಗಳ 29 ದೇಶಗಳು ಯುರೋಪಿನವರ ಅಧ್ಯಕ್ಷತೆಯಿಲ್ಲದೆ ಸೇರಿದವು. 1961ರಲ್ಲಿ ಬೆಲ್‌ಗ್ರೇಡ್‌ನಲ್ಲಿ, ಅಮೆರಿಕ ಮತ್ತು ಸೋವಿಯತ್ ಬಣಗಳೆರಡಕ್ಕೂ ಸೇರದ ದೇಶಗಳ ಅಲಿಪ್ತ ಚಳವಳಿ ರೂಪುಗೊಂಡಿತು. ವಿಶ್ವಸಂಸ್ಥೆಯಲ್ಲಿ ವಸಾಹತುಗಳ ಬಿಡುಗಡೆಗೂ ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯ ವಿರುದ್ಧವೂ ಈ ದೇಶಗಳ ಮತ ಬಲವಾಗಿ ನಿಂತಿತು. ಆದರೆ ವ್ಯಾಪಾರದ ನಿಯಮಗಳನ್ನು ಬದಲಿಸುವಷ್ಟು ಆರ್ಥಿಕ ಶಕ್ತಿ ಅವುಗಳಿಗೆ ಇರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೂ ಹಲವು ದೇಶಗಳು ಬಡತನದಿಂದ ಮೇಲೇಳಲಿಲ್ಲವೇಕೆ?

ಭ್ರಷ್ಟಾಚಾರ, ಸೈನಿಕ ದಂಗೆ, ಅವಸರದ ಯೋಜನೆ ಇವುಗಳ ಪಾಲು ಖಂಡಿತ ಇದೆ. ಅದನ್ನು ಮರೆಮಾಚುವುದು ಆ ದೇಶಗಳ ಜನರಿಗೇ ಮಾಡುವ ದ್ರೋಹ. ಆದರೆ ವಸಾಹತು ಕಾಲದಲ್ಲಿ ಒಂದೆರಡು ಬೆಳೆ ಅಥವಾ ಖನಿಜಕ್ಕೆ ಕಟ್ಟಿಹಾಕಿದ ಆರ್ಥಿಕತೆ ಹಾಗೆಯೇ ಉಳಿದದ್ದನ್ನು ಮೊದಲು ನೋಡಬೇಕು. ಘಾನಾದ ಆದಾಯ ಕೋಕೋ ಮೇಲೆ ನಿಂತಿತ್ತು, ಅದರ ಬೆಲೆ ನಿರ್ಧಾರವಾಗುತ್ತಿದ್ದುದು ಲಂಡನ್ ಮತ್ತು ನ್ಯೂಯಾರ್ಕ್‌ಗಳಲ್ಲಿ. ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಕೈಗಾರಿಕೆಗಾಗಿ ವೋಲ್ಟಾ ನದಿಗೆ ಅಕೊಸೊಂಬೊ ಅಣೆಕಟ್ಟೆ ಕಟ್ಟಿಸಿದರು. ಅಲ್ಲಿನ ವಿದ್ಯುತ್ತಿನ ಬಹುಪಾಲು ಅಗ್ಗದ ದರದಲ್ಲಿ ವಿದೇಶಿ ಒಡೆತನದ ಅಲ್ಯೂಮಿನಿಯಂ ಕಾರ್ಖಾನೆಗೆ ಹೋಯಿತು. ಘಾನಾದಲ್ಲೇ ಬಾಕ್ಸೈಟ್ ಹೇರಳವಾಗಿದ್ದರೂ ಆ ಕಾರ್ಖಾನೆ ಕಚ್ಚಾವಸ್ತುವನ್ನು ಹೊರದೇಶದಿಂದ ತರಿಸಿಕೊಳ್ಳುತ್ತಿತ್ತು. 1965ರ ಹೊತ್ತಿಗೆ ಕೋಕೋ ಬೆಲೆ ನೆಲಕಚ್ಚಿತು, ಮರುವರ್ಷದ ಫೆಬ್ರವರಿಯಲ್ಲಿ ಸೈನ್ಯ ಅವರನ್ನು ಪದಚ್ಯುತಗೊಳಿಸಿತು.

ಕನ್ನಡ ನಾಡಿನ ಓದುಗರಿಗೆ ಇದು ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಿಂದ ಚೆನ್ನಾಗಿ ಅರ್ಥವಾಗುತ್ತದೆ. ರೊಬಸ್ಟಾಗೆ ಲಂಡನ್ ಮಾರುಕಟ್ಟೆಯ ದರ, ಅರೇಬಿಕಾಗೆ ನ್ಯೂಯಾರ್ಕಿನ ದರ. ಬೆಳೆಗಾರರು ಇಂದಿಗೂ ಅದನ್ನು ನೋಡಿಯೇ ಮೂಟೆಯನ್ನು ಮಾರಬೇಕೆ, ಇಟ್ಟುಕೊಳ್ಳಬೇಕೆ ಎಂದು ತೀರ್ಮಾನಿಸುತ್ತಾರೆ. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದದಂತೆ ಪ್ರತಿ ದೇಶದ ರಫ್ತಿಗೂ ಮಿತಿಯಿದ್ದು, ಬೆಲೆ ತೀರ ಕುಸಿಯದಂತೆ ಅದು ತಡೆಯುತ್ತಿತ್ತು. ದೇಶದೊಳಗೆ ಕಾಫಿ ಮಂಡಳಿಯೇ ಬೆಳೆಯನ್ನೆಲ್ಲ ಪಡೆದು ಮಾರಿ, ಬೆಳೆಗಾರರಿಗೆ ಕಂತುಗಳಲ್ಲಿ ಹಣ ಕೊಡುತ್ತಿತ್ತು. 1989ರ ಜುಲೈಯಲ್ಲಿ ಆ ಒಪ್ಪಂದದ ಮಿತಿಗಳು ಮುರಿದುಬಿದ್ದವು. ತೊಂಬತ್ತರ ದಶಕದಲ್ಲಿ ಮಂಡಳಿಯ ಏಕಸ್ವಾಮ್ಯವೂ ಹೋಗಿ ಬೆಳೆಗಾರರು ಮುಕ್ತವಾಗಿ ಮಾರುವಂತಾಯಿತು. 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಬಿದ್ದಾಗ ಇಲ್ಲಿ ಬೆಲೆ ಗಗನಕ್ಕೇರಿತು. ವಿಯೆಟ್ನಾಂನ ರೊಬಸ್ಟಾ ಮಾರುಕಟ್ಟೆಗೆ ಹರಿದುಬಂದ ಮೇಲೆ, 2001ರ ಸುಮಾರಿಗೆ, ದಶಕಗಳಲ್ಲೇ ಕಾಣದಷ್ಟು ಕೆಳಕ್ಕೆ ಬಿತ್ತು. ಮಂಡಳಿಯ ನಿಧಾನದ ಕಂತುಗಳ ಬಗ್ಗೆ ಬೆಳೆಗಾರರಿಗೆ ಇದ್ದ ಅಸಮಾಧಾನ ನ್ಯಾಯವಾದದ್ದೇ. ಆದರೂ ರಕ್ಷಣೆ ಮತ್ತು ನಿರ್ಬಂಧ ಎರಡೂ ಒಟ್ಟಿಗೆ ಹೋದವೆಂಬುದನ್ನು ಸಣ್ಣ ಬೆಳೆಗಾರರು ಆ ವರ್ಷಗಳಲ್ಲಿ ಅನುಭವಿಸಿದರು.

ಬಡದೇಶಗಳು ಸಾಲದಲ್ಲಿ ಸಿಲುಕಿದ್ದು ಹೇಗೆ?

1944ರ ಜುಲೈನಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ 44 ದೇಶಗಳು ಸೇರಿ ಹಣಕಾಸು ನಿಧಿ ಮತ್ತು ವಿಶ್ವಬ್ಯಾಂಕಿಗೆ ಅಡಿಪಾಯ ಹಾಕಿದವು. ಒಂದು ಔನ್ಸ್ ಚಿನ್ನಕ್ಕೆ 35 ಡಾಲರ್, ಉಳಿದ ನಾಣ್ಯಗಳ ಮೌಲ್ಯ ಡಾಲರಿಗೆ ಜೋಡಣೆ ಎಂಬ ವ್ಯವಸ್ಥೆಯನ್ನು 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ಕೈಬಿಟ್ಟರು. 1973ರ ಕೊನೆಯಲ್ಲಿ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ತೈಲದೇಶಗಳು ಆ ಹಣವನ್ನು ಪಾಶ್ಚಾತ್ಯ ಬ್ಯಾಂಕುಗಳಲ್ಲಿ ಇಟ್ಟವು. ಬ್ಯಾಂಕುಗಳು ಅದನ್ನು ಬದಲಾಗುವ ಬಡ್ಡಿಗೆ ಲ್ಯಾಟಿನ್ ಅಮೆರಿಕ, ಆಫ್ರಿಕಾ ದೇಶಗಳಿಗೆ ಸಾಲ ಕೊಟ್ಟವು. 1979ರಿಂದ ಅಮೆರಿಕ ತನ್ನ ಹಣದುಬ್ಬರ ತಗ್ಗಿಸಲು ಬಡ್ಡಿದರವನ್ನು ವಿಪರೀತ ಏರಿಸಿದಾಗ ಆ ಸಾಲಗಳ ಬಡ್ಡಿಯೂ ಏರಿತು. 1982ರ ಆಗಸ್ಟ್‌ನಲ್ಲಿ ಮೆಕ್ಸಿಕೋ ಸಾಲ ತೀರಿಸಲಾಗದೆಂದು ಕೈಚೆಲ್ಲಿತು. ಆಮೇಲೆ ನಿಧಿಯ ನೆರವು ಬೇಕಾದ ದೇಶಗಳೆಲ್ಲ ಸಬ್ಸಿಡಿ ಕಡಿತ, ನಾಣ್ಯದ ಅಪಮೌಲ್ಯ, ಸರ್ಕಾರಿ ಉದ್ಯಮಗಳ ಮಾರಾಟದಂಥ ಷರತ್ತುಗಳಿಗೆ ಒಪ್ಪಬೇಕಾಯಿತು.

ಜಾಗತೀಕರಣ ಆರಂಭವಾದದ್ದು 1991ರಲ್ಲೇ?

ಭಾರತದ ಮಟ್ಟಿಗೆ ಆ ಇಸವಿ ಸರಿ. ಆ ವರ್ಷ ವಿದೇಶಿ ವಿನಿಮಯ ಎರಡು ಮೂರು ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿದು, ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಅಡವಿಡಲಾಯಿತು. ಜುಲೈ 1 ಮತ್ತು 3ರಂದು ರೂಪಾಯಿಯ ಅಪಮೌಲ್ಯವಾಯಿತು, 24ರಂದು ಮನಮೋಹನ್ ಸಿಂಗ್ ಅವರ ಬಜೆಟ್ ಬಂತು. ಜಗತ್ತಿನ ಮಟ್ಟಿಗೆ ಬೇರುಗಳು ಹಳೆಯವು. 1870ರಲ್ಲಿ ಸಮುದ್ರದಡಿಯ ತಂತಿ ಲಂಡನ್ನಿನಿಂದ ಮುಂಬಯಿಗೆ ಬಂದಾಗಲೇ ಬೆಲೆಯ ಸುದ್ದಿ ಹಡಗಿಗಿಂತ ಮುಂಚೆ ತಲಪತೊಡಗಿತು.

ಸಾಮಾನ್ಯವಾಗಿ ಗಮನಕ್ಕೆ ಬಾರದ ಕಾರಣವೊಂದಿದೆ. 1956ರ ಏಪ್ರಿಲ್ 26ರಂದು ಅಮೆರಿಕದ ಮಾಲ್ಕಂ ಮೆಕ್ಲೀನ್ ಎಂಬ ಲಾರಿ ಉದ್ಯಮಿಯ ಹಡಗು 58 ಉಕ್ಕಿನ ಪೆಟ್ಟಿಗೆಗಳನ್ನು ಹೊತ್ತು ನ್ಯೂವರ್ಕ್‌ನಿಂದ ಹೂಸ್ಟನ್ನಿಗೆ ಹೊರಟಿತು. ಬಿಡಿ ಮೂಟೆಗಳನ್ನು ಹಮಾಲರು ಹೊತ್ತು ತುಂಬಿದರೆ ಟನ್ನಿಗೆ 5.86 ಡಾಲರ್ ಆಗುತ್ತಿದ್ದ ಖರ್ಚು ಕಂಟೇನರಿನಿಂದ 16 ಸೆಂಟಿಗೆ ಇಳಿಯಿತು. ಅರಳೆ ಒಂದು ದೇಶದಲ್ಲಿ, ನೂಲು ಇನ್ನೊಂದರಲ್ಲಿ, ಹೊಲಿಗೆ ಮತ್ತೊಂದರಲ್ಲಿ ಎಂಬ ಹಂಚಿಕೆ ಲಾಭದಾಯಕವಾದದ್ದು ಈ ಪೆಟ್ಟಿಗೆಯಿಂದ. 1978ರ ನಂತರ ಚೀನಾ ಬಾಗಿಲು ತೆರೆದದ್ದು, ಸೋವಿಯತ್ ಒಕ್ಕೂಟ 1991ರಲ್ಲಿ ಕರಗಿದ್ದು, 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಕೆಲಸ ಆರಂಭಿಸಿದ್ದು ಆ ಹರಿವನ್ನು ಹಿಗ್ಗಿಸಿದವು.

ಹಾಗಾದರೆ ಜಾಗತೀಕರಣ ವಸಾಹತುಶಾಹಿಯದೇ ಮುಂದುವರಿಕೆಯೆ?

ಪೂರ್ತಿ ಹಾಗೆನ್ನಲಾಗದು. ದಕ್ಷಿಣ ಕೊರಿಯಾ, ಚೀನಾಗಳು ಅದೇ ಮಾರುಕಟ್ಟೆಯನ್ನು ಬಳಸಿ ಕೋಟ್ಯಂತರ ಜನರನ್ನು ಬಡತನದಿಂದ ಎತ್ತಿದವು. ಆದರೆ ಎರಡೂ ಕಡೆ ಯಾವ ಉದ್ಯಮ ಬೆಳೆಯಬೇಕು, ಯಾವುದನ್ನು ಯಾವಾಗ ಹೊರಗಿನವರಿಗೆ ತೆರೆಯಬೇಕು ಎಂಬ ತೀರ್ಮಾನ ಸರ್ಕಾರದ ಕೈಯಲ್ಲಿತ್ತು. ಬೆಂಗಳೂರಿನ ಉದಾಹರಣೆಯೂ ಇದನ್ನೇ ಹೇಳುತ್ತದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬರುವ ಮುಂಚೆಯೇ ಭಾರತೀಯ ವಿಜ್ಞಾನ ಸಂಸ್ಥೆ (1909), ಎಚ್‌ಎಎಲ್ (1940), ಎಚ್‌ಎಂಟಿ (1953), ಬಿಇಎಲ್ (1954) ಇಲ್ಲಿ ಎರಡು ಮೂರು ತಲೆಮಾರಿನ ಎಂಜಿನಿಯರುಗಳನ್ನು ರೂಪಿಸಿದ್ದವು. ಸಾರ್ವಜನಿಕ ಹಣ ಹದಮಾಡಿದ ನೆಲದಲ್ಲಿ ಬಂದ ಬೆಳೆಯನ್ನು ಕೇವಲ ಮುಕ್ತ ಮಾರುಕಟ್ಟೆಯ ಫಲವೆಂದು ಬರೆಯುವುದು ಸರಿಯಲ್ಲ.

ಚೌಕಾಸಿಯ ಶಕ್ತಿ ಇಲ್ಲದವರ ಸ್ಥಿತಿ ಬೇರೆ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಮಂದಿ ಸತ್ತರು. ಅವರಲ್ಲಿ ಬಹುಪಾಲು ಪಾಶ್ಚಾತ್ಯ ಬ್ರಾಂಡುಗಳಿಗೆ ಉಡುಪು ಹೊಲಿಯುತ್ತಿದ್ದ ಹೆಂಗಸರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು. ಆದರೂ ಮರುದಿನ ಕೆಲಸಕ್ಕೆ ಬರಲು ಅವರಿಗೆ ಹೇಳಲಾಗಿತ್ತು.

ಇಂದಿಗೂ ವಸಾಹತುಗಳು ಉಳಿದಿವೆಯೆ?

ಸ್ವಯಮಾಡಳಿತ ದೊರೆಯದ 17 ಪ್ರದೇಶಗಳು ವಿಶ್ವಸಂಸ್ಥೆಯ ಪಟ್ಟಿಯಲ್ಲಿವೆ. ಪಶ್ಚಿಮ ಸಹಾರಾ, ನ್ಯೂ ಕ್ಯಾಲೆಡೋನಿಯಾ ಅವುಗಳಲ್ಲಿ ಸೇರಿವೆ. ನಮ್ಮ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳನ್ನು ಬ್ರಿಟನ್ 1965ರಲ್ಲಿ ಮಾರಿಷಸ್‌ನಿಂದ ಬೇರ್ಪಡಿಸಿ, ಡಿಯೆಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾನೆಲೆಗಾಗಿ ಅಲ್ಲಿನ ಜನರನ್ನು ಹೊರಹಾಕಿತು. ಆ ಬೇರ್ಪಡಿಕೆ ಕಾನೂನುಬಾಹಿರವೆಂದು ಅಂತರರಾಷ್ಟ್ರೀಯ ನ್ಯಾಯಾಲಯ 2019ರಲ್ಲಿ ಅಭಿಪ್ರಾಯ ನೀಡಿತು.

ಹಿಂದಿನ ಅನ್ಯಾಯಕ್ಕೆ ಪರಿಹಾರ ಎಲ್ಲಿಯಾದರೂ ಸಿಕ್ಕಿದೆಯೆ?

ಕೆಲವು ಕಡೆ, ಬಹಳ ತಡವಾಗಿ. ಕೀನ್ಯಾದಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ನಡೆದ ಮೌ ಮೌ ದಂಗೆಯ ಕಾಲದಲ್ಲಿ ಬಂಧನ ಶಿಬಿರಗಳಲ್ಲಿ ಚಿತ್ರಹಿಂಸೆಗೊಳಗಾದ 5,228 ಮಂದಿಗೆ ಬ್ರಿಟನ್ 2013ರಲ್ಲಿ, ನ್ಯಾಯಾಲಯದ ಹೋರಾಟದ ನಂತರ, ಒಟ್ಟು 1.99 ಕೋಟಿ ಪೌಂಡ್ ಕೊಡಲು ಒಪ್ಪಿತು. ನಮೀಬಿಯಾದಲ್ಲಿ 1904ರಿಂದ 1908ರವರೆಗೆ ಹೆರೆರೊ ಮತ್ತು ನಾಮಾ ಜನರ ಮೇಲೆ ನಡೆದ ಹತ್ಯಾಕಾಂಡವನ್ನು ನರಮೇಧವೆಂದು ಜರ್ಮನಿ 2021ರಲ್ಲಿ ಒಪ್ಪಿಕೊಂಡು, 30 ವರ್ಷಗಳಲ್ಲಿ 110 ಕೋಟಿ ಯೂರೋ ನೀಡುವುದಾಗಿ ಹೇಳಿತು. ತಮ್ಮನ್ನು ನೇರವಾಗಿ ಕೇಳದೆ ಸರ್ಕಾರಗಳೇ ಮಾತುಕತೆ ಮುಗಿಸಿದವೆಂದು ಆ ಎರಡು ಸಮುದಾಯಗಳ ಅನೇಕರು ಇದನ್ನು ವಿರೋಧಿಸಿದರು. ಅವರ ಮಾತು ನ್ಯಾಯವಾಗಿದೆ. 1897ರಲ್ಲಿ ಬ್ರಿಟಿಷ್ ಸೈನ್ಯ ಇಂದಿನ ನೈಜೀರಿಯಾದ ಬೆನಿನ್ ಅರಮನೆಯಿಂದ ಲೂಟಿ ಮಾಡಿ ಯುರೋಪಿನಲ್ಲಿ ಮಾರಿದ ಲೋಹದ ಫಲಕ, ಶಿರೋಶಿಲ್ಪಗಳ ಪೈಕಿ ತನ್ನ ಸಂಗ್ರಹಾಲಯಗಳಲ್ಲಿದ್ದ ಸಾವಿರಕ್ಕೂ ಹೆಚ್ಚು ವಸ್ತುಗಳ ಒಡೆತನವನ್ನು 2022ರಲ್ಲಿ ಜರ್ಮನಿ ನೈಜೀರಿಯಾಕ್ಕೆ ಬಿಟ್ಟುಕೊಟ್ಟಿತು. ಬ್ರಿಟಿಷ್ ಮ್ಯೂಸಿಯಂನಲ್ಲಿ ಇಂಥ ನೂರಾರು ಕೃತಿಗಳಿವೆ. ಸಂಗ್ರಹದ ವಸ್ತುಗಳನ್ನು ಪರಭಾರೆ ಮಾಡದಂತೆ ತಡೆಯುವ 1963ರ ಕಾಯ್ದೆಯನ್ನು ಬ್ರಿಟಿಷ್ ಸಂಸತ್ತು ತಿದ್ದದೆ ಅವು ಮರಳುವಂತಿಲ್ಲ.